ನಾಳೆಗೆ ಉಳಿಯುವ ಬಾಕಿ: ಮೊದಲ ಬಾರಿಗೆ ಹಲವು ದಿನಗಳ ಪರ್ವತ ಚಾರಣಕ್ಕೆ ಹೊರಡುವವರಿಗೆ

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಆತ್ಮೀಯ ಸಭಿಕರೇ,

ಬೆಳಿಗ್ಗೆ ಬೆಟ್ಟ ಹತ್ತಿ ಸಂಜೆ ಮನೆಗೆ ಮರಳುವ ಅಭ್ಯಾಸವಿರುವವರು, ಆ ಒಂದು ದಿನವನ್ನು ನಾಲ್ಕರಿಂದ ಗುಣಿಸಿದರೆ ನಾಲ್ಕು ದಿನಗಳ ಚಾರಣವಾಗುತ್ತದೆ ಎಂದು ಭಾವಿಸುವುದು ಸಹಜ. ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಒಂದು ದಿನದ ನಡಿಗೆಯಲ್ಲಿ ಮನೆಯ ಹೊಸ್ತಿಲು ದಾಟಿದೊಡನೆ ಆ ದಿನದ ಲೆಕ್ಕವೆಲ್ಲ ಚುಕ್ತಾ ಆಗಿಬಿಡುತ್ತದೆ: ಒದ್ದೆ ಬಟ್ಟೆ ಹಗ್ಗದ ಮೇಲೆ ಒಣಗುತ್ತದೆ, ಹಸಿವು ಊಟದಿಂದ ತೀರುತ್ತದೆ, ದಣಿವು ಹಾಸಿಗೆಯಲ್ಲಿ ಕರಗುತ್ತದೆ. ಪರ್ವತದಲ್ಲಿ ರಾತ್ರಿ ಕಳೆಯಬೇಕಾದಾಗ ಈ ಚುಕ್ತಾ ಇರುವುದಿಲ್ಲ. ಸೋಮವಾರ ಒದ್ದೆಯಾದ ಕಾಲುಚೀಲ ಮಂಗಳವಾರವೂ ಒದ್ದೆಯಾಗಿಯೇ ಇರುತ್ತದೆ. ಸೋಮವಾರ ಸರಿಯಾಗಿ ಉಣ್ಣದ ದೇಹ ಮಂಗಳವಾರದ ಏರಿನಲ್ಲಿ ಅದನ್ನು ಬಡ್ಡಿಸಮೇತ ವಸೂಲು ಮಾಡುತ್ತದೆ. ಹಲವು ದಿನಗಳ ಚಾರಣವೆಂದರೆ, ನನ್ನ ಮಟ್ಟಿಗೆ, ನಾಳೆಗೆ ಎಷ್ಟು ಬಾಕಿ ಉಳಿಸುತ್ತೇವೆ ಎಂಬ ಲೆಕ್ಕಾಚಾರ. ಈ ಸಂಜೆ ನಾನು ಹೇಳಲಿರುವುದೆಲ್ಲ ಆ ಬಾಕಿಯ ಕುರಿತೇ.

ನನ್ನ ಮೊದಲ ಪ್ರಯಾಣ ಐದು ದಿನಗಳದ್ದಾಗಬೇಕಿತ್ತು. ಮೂರನೆಯ ದಿನದ ಮಧ್ಯಾಹ್ನಕ್ಕೆ ನಾನು ಮತ್ತು ನನ್ನ ಗೆಳೆಯ ಕಣಿವೆಯ ದಾರಿ ಹಿಡಿದು ಕೆಳಗಿಳಿಯುತ್ತಿದ್ದೆವು. ಬಿರುಗಾಳಿ ಬೀಸಲಿಲ್ಲ, ದಾರಿ ತಪ್ಪಲಿಲ್ಲ, ಯಾರೂ ಬೀಳಲಿಲ್ಲ. ಅರವತ್ತೆರಡು ಕಿಲೋ ತೂಕದ ನಾನು 19 ಕಿಲೋ ಚೀಲ ಹೊತ್ತಿದ್ದೆ, ಎರಡನೆಯ ದಿನದ ಸಣ್ಣ ಮಳೆಗೆ ಶೂ ಒದ್ದೆಯಾಯಿತು, ಹಿಮ್ಮಡಿಯಲ್ಲಿ ಬೊಬ್ಬೆಯೆದ್ದಿತು, ರಾತ್ರಿ ಚಳಿಗೆ ನಿದ್ದೆ ಬರಲಿಲ್ಲ. ಇಷ್ಟೇ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ದೂರುವುದಕ್ಕೂ ನಾಚಿಕೆಯಾಗುವಷ್ಟು ಕ್ಷುಲ್ಲಕ ಸಂಗತಿಗಳು. ಒಂದರ ಮೇಲೊಂದು ಕೂಡಿಕೊಂಡಾಗ ಮಾತ್ರ ಪ್ರಯಾಣವನ್ನೇ ಮುಗಿಸಿದವು.

ಮೊದಲು ತೂಕದ ವಿಷಯ. ಇದಕ್ಕೆ ತುಸು ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಉಳಿದ ತೊಂದರೆಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ. ನೀರು ಮತ್ತು ಆಹಾರವೂ ಸೇರಿ ಚೀಲದ ಒಟ್ಟು ತೂಕ ದೇಹದ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎಂಬುದು ಚಾರಣಿಗರಲ್ಲಿ ಬಳಕೆಯಲ್ಲಿರುವ ಮಾತು. ಆ ಲೆಕ್ಕದಲ್ಲಿ ನಾನು ಹೊರಬೇಕಾಗಿದ್ದುದು ಸುಮಾರು ಹನ್ನೆರಡೂವರೆ ಕಿಲೋ. ಹೆಚ್ಚಿನ ಆರೂವರೆ ಕಿಲೋ ಎಲ್ಲಿಂದ ಬಂತೆಂದು ಆಮೇಲೆ ಹುಡುಕಿದಾಗ ಯಾವ ಒಂದು ದೊಡ್ಡ ವಸ್ತುವೂ ಸಿಗಲಿಲ್ಲ. ಎರಡು ಜೊತೆ ಹೆಚ್ಚುವರಿ ಪ್ಯಾಂಟು, ದಪ್ಪ ಪುಸ್ತಕ, ದೊಡ್ಡ ಟಾರ್ಚು, ‘ಯಾವುದಕ್ಕೂ ಇರಲಿ’ ಎಂದು ತುರುಕಿದ ಡಬ್ಬಿಗಳು. ಈ ‘ಯಾವುದಕ್ಕೂ ಇರಲಿ’ ಎಂಬ ಮಾತಿಗೆ ನಿಜವಾಗಿಯೂ ತೂಕವಿದೆ. ಅದನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಹೊರಡುವ ವಾರದ ಮೊದಲೇ ಪ್ರತಿಯೊಂದು ವಸ್ತುವನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಗ್ರಾಂಗಳಲ್ಲಿ ಬರೆದುಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಮೊದಲು ಚೀಲ, ಡೇರೆ, ಸ್ಲೀಪಿಂಗ್ ಬ್ಯಾಗ್ ಎಂಬ ಮೂರು ದೊಡ್ಡ ವಸ್ತುಗಳನ್ನು ನೋಡಬೇಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ಎರಡು ಗ್ರಾಂ ಉಳಿಸುವ ಉತ್ಸಾಹ ಆಮೇಲೆ ಬಂದರೆ ಸಾಕು.

ತೂಕ ಎಷ್ಟಿದೆ ಎಂಬುದರಷ್ಟೇ ಅದು ದೇಹದ ಯಾವ ಭಾಗದ ಮೇಲೆ ಕೂರುತ್ತದೆ ಎಂಬುದೂ ಮುಖ್ಯ. 1950ರ ದಶಕದ ಆರಂಭದಲ್ಲಿ ಅಮೆರಿಕದ ಡಿಕ್ ಕೆಲ್ಟಿ ಎಂಬುವರು ಅಲ್ಯೂಮಿನಿಯಂ ಚೌಕಟ್ಟಿಗೆ ಸೊಂಟಪಟ್ಟಿಯನ್ನು ಜೋಡಿಸಿದ ಚೀಲಗಳನ್ನು ತಯಾರಿಸಿ ಮಾರಲು ತೊಡಗಿದರು. ಅದರ ಹಿಂದಿನ ತರ್ಕ ಸರಳ: ಭುಜದ ಸಣ್ಣ ಸ್ನಾಯುಗಳ ಬದಲು ಸೊಂಟದ ಮೂಳೆಯೂ ಅದರ ಕೆಳಗಿನ ಬಲವಾದ ಕಾಲುಗಳೂ ಭಾರವನ್ನು ಹೊರಲಿ. ಆದ್ದರಿಂದ ಚೀಲವನ್ನು ಬೆನ್ನಿಗೇರಿಸಿದೊಡನೆ ಮೊದಲು ಸೊಂಟದ ಪಟ್ಟಿಯನ್ನು ಸೊಂಟದೆಲುಬಿನ ಏಣಿನ ಮೇಲೆ ಕೂರಿಸಿ ಬಿಗಿಗೊಳಿಸಬೇಕು, ಆನಂತರ ಭುಜದ ಪಟ್ಟಿಗಳನ್ನು ಹದವಾಗಿ ಎಳೆಯಬೇಕು. ಹೊಸಬರು ಮಾಡುವುದು ತದ್ವಿರುದ್ಧ. ಸಂಜೆಗೆ ಕುತ್ತಿಗೆ ಹಿಡಿದುಕೊಂಡಾಗ ಚೀಲ ಚೆನ್ನಾಗಿಲ್ಲ ಎನ್ನುತ್ತಾರೆ. ಒಳಗೆ ಜೋಡಿಸುವಾಗ ಭಾರದ ವಸ್ತುಗಳು, ಎಂದರೆ ಆಹಾರ, ನೀರು, ಅಡುಗೆಯ ಸಾಮಾನು, ಬೆನ್ನಿಗೆ ಅಂಟಿಕೊಂಡು ಚೀಲದ ನಡುಭಾಗದಲ್ಲಿರಬೇಕು. ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಮಳೆಯಂಗಿ ಮೇಲಕ್ಕೆ. ಮಳೆ ಬಂದಾಗ ಮಳೆಯಂಗಿಗಾಗಿ ಇಡೀ ಚೀಲವನ್ನು ನೆಲಕ್ಕೆ ಸುರಿಯಬೇಕಾದರೆ, ಆ ಮಳೆಯಂಗಿ ಇದ್ದೂ ಇಲ್ಲದಂತೆ.

ತೂಕದ ಮಾತು ಬಂದಾಗಲೆಲ್ಲ ಎಮ್ಮಾ ಗೇಟ್‌ವುಡ್ ಅವರ ಪ್ರಸಂಗವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಅವರು ಅಮೆರಿಕದ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಟ್ರೇಲನ್ನು ಒಂಟಿಯಾಗಿ ನಡೆದು ಮುಗಿಸಿದರು. ಕಾಲಿಗೆ ಸಾಧಾರಣ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಬಟ್ಟೆಯ ಚೀಲ, ಮಳೆಗೆ ಸ್ನಾನಗೃಹದ ಪ್ಲಾಸ್ಟಿಕ್ ಪರದೆ. ಕೇಳಿದವರಿಗೆ ದುಬಾರಿ ಸಾಮಗ್ರಿಯೆಲ್ಲ ವ್ಯರ್ಥವೆನ್ನಿಸುತ್ತದೆ. ಆದರೆ ಆಕೆ ಜೀವನವಿಡೀ ಹೊಲದಲ್ಲಿ ದುಡಿದು ಗಟ್ಟಿಯಾದವರು, ಗಿಡಮೂಲಿಕೆಗಳನ್ನು ಬಲ್ಲವರು, ದಾರಿಯುದ್ದಕ್ಕೂ ಅಪರಿಚಿತರ ಮನೆಬಾಗಿಲು ತಟ್ಟಲು ಅಂಜದವರು. ಅವರು ಚೀಲದಿಂದ ತೆಗೆದುಹಾಕಿದ ಪ್ರತಿಯೊಂದು ವಸ್ತುವಿನ ಜಾಗದಲ್ಲೂ ಒಂದೊಂದು ತಿಳಿವಳಿಕೆ ಇತ್ತು. ನಮ್ಮಂಥವರು ಆ ಚೀಲವನ್ನಷ್ಟೇ ಅನುಕರಿಸಿದರೆ ಮೊದಲ ಮಳೆಯಲ್ಲೇ ನಡುಗುತ್ತೇವೆ.

ಇನ್ನು ಕಾಲು. ಪಾದದ ಮೇಲಿನ ಒಂದು ಕಿಲೋ ಭಾರ ಬೆನ್ನಿನ ಮೇಲಿನ ಸುಮಾರು ಐದು ಕಿಲೋಗೆ ಸಮನಾದ ದಣಿವು ತರುತ್ತದೆ ಎಂಬ ಹಳೆಯ ಮಾತಿಗೆ ಪ್ರಯೋಗಗಳ ಬೆಂಬಲವೂ ಇದೆ. ಹಾಗಾಗಿ ದಾರಿ ಬೇಡದಿದ್ದರೆ ಭಾರದ ಬೂಟು ಬೇಡ. ಹೊಸ ಶೂವನ್ನು ಚಾರಣದ ದಿನವೇ ಮೊದಲ ಬಾರಿಗೆ ತೊಡುವುದು ಎಲ್ಲರಿಗೂ ಗೊತ್ತಿರುವ, ಆದರೂ ಅನೇಕರು ಮಾಡುವ ತಪ್ಪು. ಬೊಬ್ಬೆ ಏಳುವ ಮುನ್ನ ಆ ಜಾಗ ಬಿಸಿಯಾಗುತ್ತದೆ, ತುಸು ಉರಿಯುತ್ತದೆ. ಆ ಕ್ಷಣದಲ್ಲಿ ನಿಂತು, ಶೂ ಬಿಚ್ಚಿ, ಪಾದವನ್ನು ಒರೆಸಿ, ಟೇಪು ಅಂಟಿಸಿದರೆ ಐದು ನಿಮಿಷದ ಕೆಲಸ. ಮುಂದೆ ಹೋಗುತ್ತಿರುವವರನ್ನು ನಿಲ್ಲಿಸಲು ಸಂಕೋಚಪಟ್ಟು ‘ಶಿಬಿರ ತಲುಪಿದ ಮೇಲೆ ನೋಡೋಣ’ ಎಂದುಕೊಂಡರೆ ಉಳಿದ ದಿನಗಳೆಲ್ಲ ಅದರ ಕಂತು ಕಟ್ಟುತ್ತಲೇ ಇರಬೇಕಾಗುತ್ತದೆ. ನನ್ನ ಹಿಮ್ಮಡಿಯ ಬೊಬ್ಬೆಗೆ ಮಳೆಯಷ್ಟೇ ಈ ಸಂಕೋಚವೂ ಕಾರಣ. ಒದ್ದೆ ಚರ್ಮದಲ್ಲಿ ಉಜ್ಜುವಿಕೆ ಹೆಚ್ಚು; ಆದ್ದರಿಂದ ಹತ್ತಿಯ ಕಾಲುಚೀಲದ ಬದಲು ಉಣ್ಣೆಯದೋ ಕೃತಕ ನೂಲಿನದೋ ಇರಲಿ, ಮಧ್ಯಾಹ್ನದ ವಿಶ್ರಾಂತಿಯಲ್ಲಿ ಶೂ ಕಳಚಿ ಪಾದಗಳಿಗೆ ಗಾಳಿ ಸಿಗಲಿ.

ದಾರಿಯ ಆಯ್ಕೆಗೆ ಬರುತ್ತೇನೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಈ ವಿಷಯದ ಮೇಲೆ ಮಾತನಾಡುವ ಯಾರೂ ತಪ್ಪಿಸಿಕೊಳ್ಳಲಾರರು. ನನ್ನದೊಂದು ಸೇರ್ಪಡೆಯೆಂದರೆ, ಮೊಬೈಲ್ ಪರದೆಯ ಮೇಲಿನ ಬೆಟ್ಟ ಇನ್ನೂ ನುಣ್ಣಗೆ. ಅಲ್ಲಿ ಹನ್ನೆರಡು ಕಿಲೋಮೀಟರ್ ಎಂದರೆ ಬೆರಳಿನ ಎರಡು ಸರಿತ. ನಿಜವಾದ ಸಮಯವನ್ನು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹನ್ನೆರಡು ಕಿಲೋಮೀಟರ್ ದೂರ ಮತ್ತು 900 ಮೀಟರ್ ಏರು ಇರುವ ದಿನಕ್ಕೆ ಇದು ಸುಮಾರು ನಾಲ್ಕು ಗಂಟೆ ಎನ್ನುತ್ತದೆ. ಆದರೆ ನೇಸ್ಮಿತ್ ಲೆಕ್ಕ ಹಾಕಿದ್ದು ಪಳಗಿದ ನಡಿಗೆಯವರಿಗಾಗಿ, ವಿಶ್ರಾಂತಿಯ ಸಮಯವನ್ನು ಸೇರಿಸದೆ. ಡೇರೆ ಹೊತ್ತ ಹೊಸಬರು ಅದಕ್ಕೆ ಅರ್ಧದಷ್ಟನ್ನು ಕೂಡಿಸಿ ಆರು ಗಂಟೆ ಎಂದುಕೊಳ್ಳುವುದು ಒಳ್ಳೆಯದು. ಊಟ ಮತ್ತು ವಿಶ್ರಾಂತಿ ಬೇರೆ. ಮೊದಲ ಪ್ರಯಾಣಕ್ಕೆ ಎರಡು ರಾತ್ರಿ, ಮೂರು ಹಗಲು ಸಾಕು. ಮೊದಲ ದಿನ ಚಿಕ್ಕದಿರಲಿ, ಮತ್ತು ಪ್ರತಿ ದಿನವೂ ಕೆಳಗಿಳಿಯಲು ಒಂದು ಅಡ್ಡದಾರಿ ನಕ್ಷೆಯಲ್ಲಿ ಗುರುತಾಗಿರಲಿ. ನಮ್ಮ ಆ ಕಣಿವೆಯ ದಾರಿ ನಮಗೆ ಅಕಸ್ಮಾತ್ತಾಗಿ ದೊರೆಯಿತು, ದೊರೆಯದೆಯೂ ಇರಬಹುದಿತ್ತು.

ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು, ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಒತ್ತೊತ್ತಾಗಿರುವಲ್ಲಿ ನೆಲ ಕಡಿದು, ಬಿಡಿಬಿಡಿಯಾಗಿರುವಲ್ಲಿ ಸಪಾಟು. ಇಷ್ಟನ್ನು ಓದಲು ಬಂದರೆ ದಿನದ ಯಾವ ಭಾಗದಲ್ಲಿ ಏದುಸಿರು ಬರುತ್ತದೆ, ಎಲ್ಲಿ ಡೇರೆ ಹಾಕುವಷ್ಟು ಜಾಗ ಸಿಗಬಹುದು ಎಂಬುದು ಮನೆಯಲ್ಲೇ ತಿಳಿಯುತ್ತದೆ. ಫೋನಿನ ನಕ್ಷೆ ಉಪಯುಕ್ತವೇ. ಆದರೆ ಚಳಿಯಲ್ಲಿ ಬ್ಯಾಟರಿ ಬೇಗ ಕುಸಿಯುವುದರಿಂದ ಕಾಗದದ ನಕ್ಷೆಯೊಂದು ಜೊತೆಯಲ್ಲಿರಬೇಕು.

ಇಳಿಜಾರನ್ನು ಹೊಸಬರು ಬಹುಮಾನವೆಂದು ತಿಳಿಯುತ್ತಾರೆ. ಏರುವಾಗ ಉಸಿರು ದಣಿಯುತ್ತದೆ, ಆದರೆ ಉಸಿರು ಹತ್ತು ನಿಮಿಷದಲ್ಲಿ ಮರಳುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು. ಈ ಬಗೆಯ ದುಡಿಮೆ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹಾನಿಯುಂಟುಮಾಡುತ್ತದೆ, ಮತ್ತು ಅದರ ನೋವು ಒಂದರಿಂದ ಮೂರು ದಿನಗಳ ಅವಧಿಯಲ್ಲಿ ತೀವ್ರವಾಗುತ್ತದೆ. ಮೊದಲ ದಿನ ಓಡಿಳಿದ ಸಂಭ್ರಮ ಮೂರನೆಯ ದಿನದ ಮೆಟ್ಟಿಲುಗಳಲ್ಲಿ ತಿಳಿಯುತ್ತದೆ. ಎರಡು ಊರುಗೋಲುಗಳು ಮಂಡಿಯ ಮೇಲಿನ ಹೊರೆಯನ್ನು ಗಮನಾರ್ಹವಾಗಿ ತಗ್ಗಿಸುತ್ತವೆ. ಅವು ವಯಸ್ಸಾದವರಿಗೆ ಮಾತ್ರ ಎಂಬ ಹಮ್ಮನ್ನು ಮನೆಯಲ್ಲೇ ಬಿಟ್ಟು ಬರಬಹುದು, ಅದರಿಂದಲೂ ಹೊರೆ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಚಾರಣದ ಅತ್ಯಂತ ನಿರ್ಣಾಯಕ ಅವಧಿ ಯಾವುದೆಂದು ಕೇಳಿದರೆ ನಾನು ಶಿಬಿರ ತಲುಪಿದ ನಂತರದ ಮೊದಲ ಒಂದು ಗಂಟೆ ಎನ್ನುತ್ತೇನೆ. ನಡೆಯುತ್ತಿದ್ದ ದೇಹ ನಿಂತೊಡನೆ ಶಾಖ ಕಳೆದುಕೊಳ್ಳತೊಡಗುತ್ತದೆ, ಬೆವರಿಗೆ ಒದ್ದೆಯಾದ ಅಂಗಿ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಆದರೆ ಮನಸ್ಸು ಬಯಸುವುದು ಬಂಡೆಯ ಮೇಲೆ ಕುಳಿತು ಸೂರ್ಯಾಸ್ತ ನೋಡುವುದನ್ನು. ಸೂರ್ಯಾಸ್ತವನ್ನು ಒಣಗಿದ ಅಂಗಿಯಲ್ಲೂ ನೋಡಬಹುದು. ಮೊದಲು ಒದ್ದೆ ಬಟ್ಟೆ ಕಳಚಿ ಬೆಚ್ಚಗಿನ ಪದರ ತೊಡುವುದು, ಏನಾದರೂ ತಿನ್ನುವುದು, ಬೆಳಕಿರುವಾಗಲೇ ಡೇರೆ ನಿಲ್ಲಿಸುವುದು, ನೀರು ತಂದು ಶುದ್ಧಗೊಳಿಸುವುದು; ಕೊನೆಗೆ ಕಾಲುಗಳ ತಪಾಸಣೆ. ಡೇರೆಗೆ ಕಣಿವೆಯ ತೀರ ತಗ್ಗಿನ ಜಾಗ ಬೇಡ, ತಂಪು ಗಾಳಿ ರಾತ್ರಿ ಇಳಿದುಬಂದು ಅಲ್ಲಿಯೇ ಮಡುಗಟ್ಟುತ್ತದೆ. ಒಣಗಿದ ತೊರೆಯ ಪಾತ್ರವಂತೂ ಬೇಡವೇ ಬೇಡ. ಮಳೆ ಎಷ್ಟೇ ಸುರಿಯುತ್ತಿರಲಿ, ಮುಚ್ಚಿದ ಡೇರೆಯೊಳಗೆ ಸ್ಟವ್ ಹಚ್ಚಬಾರದು: ಬೆಂಕಿಯ ಅಪಾಯ ಕಣ್ಣಿಗೆ ಕಾಣುತ್ತದೆ, ಸ್ಟವ್ ಉಗುಳುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮಲಗಲೆಂದೇ ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲಗಳನ್ನು ನೀರು ಸೋಕದ ಚೀಲದಲ್ಲಿ ಪ್ರತ್ಯೇಕವಾಗಿಡಬೇಕು. ಅವುಗಳನ್ನು ಯಾವ ಕಾರಣಕ್ಕೂ ತೊಟ್ಟು ನಡೆಯಬಾರದು. ಇದರ ಅರ್ಥವೇನೆಂದರೆ, ಬೆಳಿಗ್ಗೆ ನೀವು ನಿನ್ನೆಯ ಒದ್ದೆ, ತಣ್ಣನೆಯ ಬಟ್ಟೆಯನ್ನೇ ಮತ್ತೆ ತೊಡಬೇಕು. ಚಾರಣದಲ್ಲಿ ಇದಕ್ಕಿಂತ ಅಹಿತಕರವಾದ ಐದು ನಿಮಿಷಗಳಿಲ್ಲ. ನಾನು ಮೊದಲ ಬಾರಿ ಆ ಐದು ನಿಮಿಷಗಳನ್ನು ತಪ್ಪಿಸಿಕೊಳ್ಳಲು ಒಣಬಟ್ಟೆಯಲ್ಲೇ ಹೊರಟೆ, ಹತ್ತು ಗಂಟೆಗೆ ಮತ್ತೆ ಮಳೆ ಬಂತು, ಆ ರಾತ್ರಿಗೆ ನನ್ನ ಬಳಿ ಒಣಗಿದ್ದ ಎಳೆಯೊಂದೂ ಉಳಿಯುತ್ತಿರಲಿಲ್ಲ. ನಾವು ಇಳಿಯಲು ನಿರ್ಧರಿಸಿದ್ದು ಅದಾದ ಅರ್ಧ ಗಂಟೆಗೆ.

ಸ್ಲೀಪಿಂಗ್ ಬ್ಯಾಗಿನ ಮೇಲಿನ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷಿಸಿದವುಗಳ ಮೇಲೆ ಆರಾಮದ ತಾಪಮಾನ, ಮಿತಿಯ ತಾಪಮಾನ ಎಂಬ ಬೇರೆಬೇರೆ ಅಂಕಿಗಳಿರುತ್ತವೆ. ಹೊಸಬರು ನಂಬಬೇಕಾದುದು ಮೊದಲನೆಯದನ್ನು. ಎತ್ತರ ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬುದು ನೆನಪಿರಲಿ. ಇನ್ನೊಂದು ಸಂಗತಿ: ದೇಹದ ಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗುವುದರಿಂದ ನೆಲದ ಚಳಿಯನ್ನು ತಡೆಯುವುದು ಅದಲ್ಲ, ಕೆಳಗೆ ಹಾಸಿದ ಮ್ಯಾಟ್. ಒಳ್ಳೆಯ ಬ್ಯಾಗಿಗೆ ಹಣ ಸುರಿದು ಮ್ಯಾಟಿನಲ್ಲಿ ಜಿಪುಣತನ ತೋರಿದವನಿಗೆ ನಿದ್ದೆ ಏಕೆ ಬರಲಿಲ್ಲ ಎಂಬುದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಒಬ್ಬರಿಗೆ 600ರಿಂದ 900 ಗ್ರಾಂ ಒಣ ಆಹಾರ ಎಂಬುದು ಒಂದು ಸಾಧಾರಣ ಅಂದಾಜು; ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು, ಪಿಷ್ಟದಲ್ಲಿ ನಾಲ್ಕು ಕಿಲೋಕ್ಯಾಲೊರಿ ಇರುವುದರಿಂದ ಎಣ್ಣೆಕಾಳುಗಳು ತೂಕದ ದೃಷ್ಟಿಯಿಂದ ಲಾಭಕರ. ಹಸಿವಾಗುವವರೆಗೆ ಕಾಯದೆ ದಾರಿಯುದ್ದಕ್ಕೂ ತುಸುತುಸುವೇ ತಿನ್ನಬೇಕು. ನೀರಿನ ವಿಷಯದಲ್ಲಿ, ತೊರೆ ಎಷ್ಟೇ ತಿಳಿಯಾಗಿರಲಿ, ಅದರೊಳಗಿನ ಜಿಯಾರ್ಡಿಯಾದಂಥ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣವು. ನೀರು ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಬೇಕು, ಎರಡು ಸಾವಿರ ಮೀಟರಿಗಿಂತ ಮೇಲೆ ಮೂರು ನಿಮಿಷ, ಏಕೆಂದರೆ ಎತ್ತರದಲ್ಲಿ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಫಿಲ್ಟರ್ ಒಯ್ಯುವವರು ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗಬೇಕು: ಒಳಗಿನ ಸೂಕ್ಷ್ಮ ನಾಳಗಳು ಮಂಜುಗಟ್ಟಿ ಸೀಳಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ನೀರು ಮೊದಲಿನಂತೆಯೇ ಹರಿಯುತ್ತದೆ. ಶೌಚಕ್ಕೆ ನೀರಿನಿಂದಲೂ ದಾರಿಯಿಂದಲೂ ಶಿಬಿರದಿಂದಲೂ ಕನಿಷ್ಠ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಬೇಕು. ನಮ್ಮ ಬಾಕಿಯನ್ನು ಮುಂದಿನ ಚಾರಣಿಗನ ಮೇಲೆ ಹೊರಿಸಬಾರದಷ್ಟೆ.

ಮೂಳೆ ಕೊರೆಯುವ ಹಿಮದಲ್ಲಿ ಮಾತ್ರ ದೇಹದ ಶಾಖ ಅಪಾಯಕರವಾಗಿ ಇಳಿಯುತ್ತದೆ ಎಂಬುದು ತಪ್ಪು ಕಲ್ಪನೆ. ಹತ್ತು ಡಿಗ್ರಿಯ ಹವೆ, ಮಳೆ, ಗಾಳಿ, ಹಸಿವು ಇವು ಒಟ್ಟುಗೂಡಿದರೆ ಸಾಕು. ಜೊತೆಗಾರರು ಎಡವತೊಡಗಿದರೆ, ಮಾತು ತೊದಲಿದರೆ, ಗುಂಡಿ ಹಾಕಿಕೊಳ್ಳಲಾಗದೆ ತಡಕಾಡಿದರೆ, ಕಾರಣವಿಲ್ಲದೆ ಸಿಡುಕಿದರೆ, ಅದು ಸ್ವಭಾವವಲ್ಲ, ಚಳಿಯ ಲಕ್ಷಣ. ಚಳಿ ಹಿಡಿದವರಿಗೆ ತಮಗೆ ಚಳಿ ಹಿಡಿದಿದೆಯೆಂದು ತಿಳಿಯುವುದಿಲ್ಲವಾದ್ದರಿಂದ ಅವರ ‘ನನಗೇನೂ ಆಗಿಲ್ಲ’ ಎಂಬ ಮಾತನ್ನು ಒಪ್ಪಬಾರದು. ಹಾಗೆಯೇ ಗುಡುಗಿನ ವಿಷಯದಲ್ಲಿ: ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ, ಏಣು ಮತ್ತು ಶಿಖರಗಳಿಂದ ಆಗಲೇ ಇಳಿಯುತ್ತಿರಬೇಕು.

ನಿಮ್ಮ ದಾರಿ 2,500 ಮೀಟರಿಗಿಂತ ಮೇಲೇರುವುದಾದರೆ, ಅಲ್ಲಿ ಗಾಳಿ ತೆಳುವಾಗುವುದರಿಂದ, ದೇಹ ಬೇರೊಂದು ಲೆಕ್ಕವನ್ನೂ ಆರಂಭಿಸುತ್ತದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಸ್ಥಳದ ಎತ್ತರವನ್ನು ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರಿಗಿಂತ ಹೆಚ್ಚಿಸದಿರುವುದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಮತ್ತೊಂದು ರಾತ್ರಿ ತಂಗುವುದು ವೈದ್ಯರು ಒಪ್ಪಿರುವ ಕ್ರಮ. ಗಟ್ಟಿಮುಟ್ಟಾದ ಯುವಕರಿಗೆ ಇದರಿಂದ ವಿನಾಯಿತಿಯಿಲ್ಲ. ವೇಗವಾಗಿ ಏರಬಲ್ಲರೆಂಬ ಕಾರಣಕ್ಕೇ ಅವರು ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ. ತಲೆನೋವಿನೊಡನೆ ವಾಕರಿಕೆಯೋ ತಲೆಸುತ್ತೋ ಬಂದರೆ ಮುಂದಕ್ಕೆ ಏರಬಾರದು. ನಡಿಗೆ ತೂರಾಡಿದರೆ, ಬುದ್ಧಿ ಮಸುಕಾದರೆ, ಅಥವಾ ಸುಮ್ಮನೆ ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಕೂಡಲೇ ಇಳಿಯಬೇಕು.

ಎಲ್ಲಿಗೆ, ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದು ಒಬ್ಬ ಜವಾಬ್ದಾರಿಯುತ ವ್ಯಕ್ತಿಯ ಬಳಿ ಬಿಟ್ಟುಹೋಗಬೇಕು. ಚೀಲದಲ್ಲಿ ಒಂದು ಸೀಟಿ ಇರಲಿ. ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು ಬಾರಿ ಊದುವುದು ಆಲ್ಪ್ಸ್ ಪರ್ವತಗಳಲ್ಲಿ ರೂಢಿಗೆ ಬಂದ ಸಂಕಟದ ಸಂಕೇತ. ನಿಮಿಷಕ್ಕೆ ಮೂರು ಬಾರಿ ಮರುಸದ್ದು ಕೇಳಿದರೆ ಯಾರೋ ಕೇಳಿಸಿಕೊಂಡಿದ್ದಾರೆಂದು ಅರ್ಥ. ಉತ್ತರ ಅಮೆರಿಕದಲ್ಲಿ ಮೂರು ಸದ್ದುಗಳೇ ಸಹಾಯ ಕೇಳುವ ಕ್ರಮ. ಹೋಗುವ ನಾಡಿನ ರೂಢಿಯನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಉಪನ್ಯಾಸದ ಕೊನೆಯಲ್ಲಿ ಹಿರಿಯರೊಬ್ಬರು, ಇಷ್ಟನ್ನೆಲ್ಲ ಒಮ್ಮೆಲೇ ಕಲಿಯುವುದು ಹೇಗೆ ಎಂದು ಕೇಳಿದರು. ಒಮ್ಮೆಲೇ ಬರುವುದಿಲ್ಲ ಎಂದೆ. ಹೊರಡುವ ಮುನ್ನ, ವಾಹನ ತಲುಪಬಲ್ಲ ಜಾಗದಲ್ಲಿ, ಸಾಧ್ಯವಾದರೆ ಮಳೆ ಬರುವ ರಾತ್ರಿಯನ್ನೇ ಆರಿಸಿಕೊಂಡು, ಪೂರ್ತಿ ಸಾಮಗ್ರಿಯೊಡನೆ ಒಮ್ಮೆ ತಂಗಿ ನೋಡುವುದು ಮೊದಲ ಪಾಠ. ಎರಡನೆಯದು ಮರಳಿದ ಮೇಲಿನದು. ಚೀಲವನ್ನು ಬರಿದು ಮಾಡಿ ಮೂರು ರಾಶಿ ಹಾಕಿ: ದಿನವೂ ಬಳಸಿದವು, ಒಮ್ಮೆ ಬಳಸಿದವು, ಮುಟ್ಟದೆಯೇ ಹೊತ್ತುತಂದವು. ಔಷಧಿಯ ಪೊಟ್ಟಣ, ಮಳೆಯಂಗಿ, ಸೀಟಿ ಇಂಥವು ಮೂರನೆಯ ರಾಶಿಗೆ ಬಿದ್ದರೂ ಮುಂದಿನ ಬಾರಿ ಚೀಲಕ್ಕೆ ಮರಳಬೇಕು. ಉಳಿದವುಗಳ ಜೊತೆ ಜಗಳವಾಡಬಹುದು. ನನ್ನ ಮೊದಲ ಪ್ರಯಾಣದ ಮೂರನೆಯ ರಾಶಿಯಲ್ಲಿ ಹದಿನೇಳು ವಸ್ತುಗಳಿದ್ದವು. ಆ ದಪ್ಪ ಪುಸ್ತಕವೂ ಅದರಲ್ಲಿತ್ತು, ಹೊರಡುವಾಗ ಇದ್ದಂತೆಯೇ. ಹಾಳೆಗಳು ಮಾತ್ರ ಮಳೆಗೆ ಉಬ್ಬಿ, ತೂಕ ತುಸು ಹೆಚ್ಚಾಗಿತ್ತು.